ಹುಣ್ಣಿಮೆ ದಿನ ಬಿಚ್ಚುವ ಬಾಗಿಲು

ಇಡಗುಂಜಿ ಮಹಾಗಣಪತಿಯ ಆಣೆ, ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಏಡಿಯನ್ನು ಮಾತ್ರ ನಾನು ಕಣ್ಣಾರೆ ಕಂಡಿಲ್ಲ.

ಮಾದೇವ ನಮ್ಮೂರ ಹೊಳೆದಂಡೆಯ ಗಜನಿ ಗದ್ದೆಯ ಒಡ್ಡಿನ ಬಾಗಿಲು ಕಾಯುವವ. ಹೊಳೆಯ ಉಪ್ಪುನೀರು ಭರತಕ್ಕೆ ಏರಿ ಒತ್ತಿದರೆ ಆ ಬಾಗಿಲ ಹಲಗೆ ಮುಚ್ಚಬೇಕು. ಇಳಿತಕ್ಕೆ ಗದ್ದೆಯ ನೀರು ಒತ್ತಿದರೆ ತೆರೆಯಬೇಕು. ಮೂವತ್ತು ವರ್ಷ ಹಲಗೆಗಳನ್ನು ರಿಪೇರಿ ಮಾಡಿದವನಿಗೆ ಈಗ ಹತ್ತು ಹೆಜ್ಜೆಗೆ ಏದುಸಿರು.

ಕುಮಟೆಗೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ದೀಪಾ ಡಾಕ್ಟರು ಹೃದಯದ ಚಿತ್ರ ಬರೆದು ತೋರಿಸಿದರು.

"ಮೇಲೆ ಎರಡು ಕೋಣೆ, ಕೆಳಗೆ ಎರಡು. ಬಲಗಡೆಯವು ಮೈಯಿಂದ ಬಂದ ರಕ್ತವನ್ನ ಶ್ವಾಸಕೋಶಕ್ಕೆ ಕಳಿಸ್ತವೆ. ಅದು ಗಾಳಿ ತುಂಬ್ಕೊಂಡು ಎಡಗಡೆಗೆ ಬರ್ತದೆ, ಅಲ್ಲಿಂದ ಇಡೀ ಮೈಗೆ. ನಡುವಿನ ಬಾಗಿಲು ಒಂದೇ ದಿಕ್ಕಿಗೆ ತೆರೀಬೇಕು. ನಿಮ್ಮ ಎಡಗಡೆದು ಸರಿಯಾಗಿ ಮುಚ್ಚೂದಿಲ್ಲ. ರಕ್ತ ಹಿಂದೆ ನುಗ್ತದೆ, ಶ್ವಾಸಕೋಶದಲ್ಲಿ ನೀರು ನಿಲ್ತದೆ."

"ಗದ್ದೆಗೆ ಉಪ್ಪು ಹೊಕ್ಕಾಂಗೆ," ಎಂದ ಮಾದೇವ.

"ಹೌದು! ಬರೋ ಗುರುವಾರ ಮಂಗಳೂರಲ್ಲಿ ಆಪರೇಶನ್. ತಡ ಮಾಡಿದ್ರೆ ಜೀವಕ್ಕೇ ಅಪಾಯ."

"ಗುರುವಾರ ಹುಣ್ಣಿಮೆ. ಆಗೂದಿಲ್ಲ," ಎಂದವನೇ ಹೊರಗೆ ಬಂದು ಬೆಂಚಿನ ಮೇಲೆ ಕೂತ.

ಹುಣ್ಣಿಮೆಗೆ ಭರತ ಜೋರು. ಅಂದು ಬಾಗಿಲು ಬಿಚ್ಚಿದರೆ ಇಡೀ ಊರಿನ ಭತ್ತ ಹೋಯಿತು. ಹಲಗೆ ಬದಲಿಸುವುದು ಅಷ್ಟಮಿಗೆ, ನೀರಿನ ಜೋರು ತಗ್ಗಿದ ಮೇಲೆ. ಎದೆಯ ಬಾಗಿಲಿಗೂ ಅವನದು ಅದೇ ಲೆಕ್ಕ.

"ಪಾಂಡಣ್ಣ, ನೀನಾದ್ರೂ ಹೇಳಾ," ಎಂದಳು ನನಗೆ ಅವನ ಹೆಂಡತಿ ಮಾಸ್ತಮ್ಮ. "ಅಷ್ಟಮಿ ತನಕ ಇವ್ರು ಉಳೀಬೇಕಲ್ಲ."

ನಾನು ಅವನ ಪಕ್ಕ ಕೂತೆ.

"ನಮ್ಮ ಕುಪ್ಪಂಗೂ ಇದೇ ಆಪರೇಶನ್ ಆತಲ್ಲ, ಹುಣ್ಣಿಮೆಗೇ. ಎದೆ ಬಿಚ್ಚಿದ್ರೆ ಬಾಗಿಲ ಸಂದಿಯಲ್ಲಿ ಏಡಿ ಬಿಲ ಮಾಡ್ಕಂಡು ಕೂತಿತ್ತು. ಡಾಕ್ಟರ ಬೆರಳು ಕಚ್ಚಿತು."

ಮಾದೇವ ನಗಲಿಲ್ಲ. "ಏಡಿ ಇರ್ಲಿ. ನೀರಿಗೆ ಎಂತ ಮಾಡಿದ್ರು?"

"ಹೊಳೆಯನ್ನೇ ತಿರುಗಿಸಿದ್ರು. ರಕ್ತ ಎಲ್ಲಾ ಪೈಪಿನಲ್ಲಿ ಒಂದು ಮಿಶನ್ನಿಗೆ. ಗಾಳಿ ತುಂಬೂದೂ ಅದೇ, ಮೈಗೆ ದೂಡೂದೂ ಅದೇ. ಹೃದಯ ಖಾಲಿ. ಅಲ್ಲಾಡೂದಿಲ್ಲ."

"ಪೂರ್ತಿ ನಿಲ್ತದಾ?"

"ಪೂರ್ತಿ. ಹುಣ್ಣಿಮೆಗೂ ಇಳಿತ ತರ್ತಾರೆ ಮಾರಾಯಾ."

ಅವನು ಅಂಗೈಯನ್ನು ಎದೆಯ ಮೇಲಿಟ್ಟ. "ಹುಟ್ಟಿದಾಗಿಂದ ಒಂದು ದಿನ ರಜೆ ತಕಂಡದ್ದಲ್ಲ ಇದು. ನಿಂತದ್ದು ಮತ್ತೆ ಶುರು ಆಗ್ತದಾ?"

ಹುಣ್ಣಿಮೆ ಬರೀ ನೆಪ, ಅವನ ಹೆದರಿಕೆ ಇದು ಎಂದು ನನಗೆ ಆಗ ಗೊತ್ತಾಯಿತು.

"ಕುಪ್ಪಂದು ಆತಲ್ಲ. ಮೊನ್ನೆ ಹೊನ್ನಾವರದ ಪೇಟೆಯಲ್ಲಿ ಮೀನಿಗೆ ಜಗಳ ಮಾಡ್ತಿದ್ದ. ಆದ್ರೆ ಆ ಏಡಿ ಉಂಟಲ್ಲ, ಬಾಟ್ಲಿಯಲ್ಲಿ ಹಾಕಿ ಮನೆಗೆ ಕೊಟ್ರು. ಅವನ ಹೆಂಡತಿ ಲಕ್ಕಿ ಮಸಾಲೆ ಅರೆದು ಮುಚ್ಚಳ ತೆಗೀತಾಳೆ, ಅದು..."

ಮಾದೇವ ಎದ್ದ. "ಮಾಸ್ತಿ, ಆ ರಿಪೋರ್ಟಿನ ಚೀಲ ತಕಂಡು ಬಾ. ಗುರುವಾರವೇ ಆಗ್ಲಿ ಹೇಳ್ವ."

"ಕೇಳಾ ಮಾದೇವ," ಎಂದೆ. ಅವನು ಡಾಕ್ಟರ ಕೋಣೆಯ ಬಾಗಿಲು ದೂಡುತ್ತಿದ್ದ. "ಮುಚ್ಚಳ ತೆಗೆದ ಕೂಡ್ಲೇ ಆ ಏಡಿ ಲಕ್ಕಿಯ ಮುಖ ನೋಡಿ..." ಬಾಗಿಲು ನನ್ನ ಮುಖಕ್ಕೇ ಮುಚ್ಚಿತು.