ಅಂಗಿಯ ಗುಂಡಿ ಅಂಟಿಸಿದ ಒಲೆ

ಹಾಲು ಕರೆದು ಮುಗಿಯುವ ಹೊತ್ತಿಗೆ ಅತ್ತಿಗೆಯ ಫೋನು ಬಂತು. ಒಲೆ ಮುಂಜಾನೆಯಿಂದ ಕೂಗುತ್ತಿದೆ, ಏನು ಮಾಡಿದರೂ ಬಾಯಿ ಮುಚ್ಚುತ್ತಿಲ್ಲ, ಅದಕ್ಕಿಂತ ಜೋರಾಗಿ ನಿಮ್ಮಣ್ಣ ಕೂಗಾಡುತ್ತಿದ್ದಾರೆ, ಬೇಗ ಬಾ ಎಂದಳು.

ಸಾಮಾನಿನ ಚೀಲ ಹೆಗಲಿಗೇರಿಸಿ ಸ್ಟಾರ್ಟರ್ ಸೈಕಲ್ ಹತ್ತಿದ. ಹೊಲದ ಪಂಪುಗಳ ಸ್ಟಾರ್ಟರ್ ರಿಪೇರಿ ಮಾಡಿ ಮಾಡಿ ಅವನಿಗೆ ಅಂಟಿಕೊಂಡ ಹೆಸರದು. ಈಗೀಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಫೋನು ಬಂದದ್ದು ದೊಡ್ಡಮ್ಮನ ಮನೆಯಿಂದ; ಅಣ್ಣ ಅವಳ ಮಗ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವನು ಉಂಡು ಬೆಳೆದದ್ದು ಆ ಮನೆಯಲ್ಲೇ.

ದೊಡ್ಡಮ್ಮನಿಗೆ ಕಣ್ಣು ಹೋಗಿ ಐದು ವರ್ಷ. ಮೊದಲ ವರ್ಷವನ್ನೆಲ್ಲ ಅವಳು ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಳೆದಿದ್ದಳು. ಕೈಗೆ ಕೊಟ್ಟ ಲೋಟ ಕುಡಿಯುವುದು, ಕೈಗೆ ಕೊಟ್ಟ ತಟ್ಟೆಯಲ್ಲಿ ಉಣ್ಣುವುದು. ಮಾತೂ ಕಮ್ಮಿಯಾಗಿತ್ತು. ಒಂದು ದಿನ ಸ್ಟಾರ್ಟರ್ ಬಂದಾಗ ಅವಳು ತನ್ನ ಹೊಲಿಗೆ ಡಬ್ಬಿ ತರಿಸಿ, ಹಳೆಯ ಅಂಗಿ ಕೋಟುಗಳ ಏಳು ಗುಂಡಿ ಆರಿಸಿ ಅವನ ಅಂಗೈಗೆ ಹಾಕಿದ್ದಳು. ಆ ಮನೆಯದು ಕರೆಂಟಿನ ಒಲೆ, ಮೇಲೆ ಕಾಯುವ ಬಿಲ್ಲೆಗಳು, ಕೆಳಗೆ ಬ್ರೆಡ್ಡು ಸುಡುವ ಓವನ್; ಓವನ್ನಿನ ಬಾಗಿಲ ಮೇಲಿನ ಫಲಕ ನುಣುಪಾಗಿತ್ತು. ಒತ್ತುವ ಜಾಗಗಳೆಲ್ಲ ಒಂದು ತೆಳು ಪ್ಲಾಸ್ಟಿಕ್ ಹಾಳೆಯಡಿ ಅಡಗಿದ್ದವು. ಗುಂಡಿಗಳನ್ನು ಅದರ ಮೇಲೆ ಅಂಟಿಸಿಕೊಡು ಎಂದಿದ್ದಳು. ನಾಲ್ಕು ತೂತಿನದು ಶುರುಮಾಡಲು, ಎರಡು ತೂತಿನದು ಬಿಸಿ ಏರಿಸಲು, ಕೋಟಿನ ದಪ್ಪ ಗುಂಡಿ ನಿಲ್ಲಿಸಲು, ಹೀಗೆ. ಎಷ್ಟು ಸಲ ಕೀಂ ಎಂದಿತು ಎಂದು ಎಣಿಸಿದರೆ ಬಿಸಿ ಎಷ್ಟೆಂದು ತಿಳಿಯುತ್ತಿತ್ತು. ಅಂದಿನಿಂದ ಮನೆಯ ಬ್ರೆಡ್ಡು ಅವಳದೇ ಕೈಯದು. ಕುರ್ಚಿ ಖಾಲಿಯಾಯಿತು. ಸೊಸೆಯನ್ನು ಬೈಯುವ ಮಟ್ಟಿಗೆ ಆರೋಗ್ಯ ಮರಳಿತು.

ಈಗ ಅವನು ಒಳಗೆ ಕಾಲಿಟ್ಟಾಗ ಅವಳು ಅದೇ ಕುರ್ಚಿಯಲ್ಲಿ ಕೂತಿದ್ದಳು. ಮೊಣಕೈವರೆಗೆ ಹಿಟ್ಟು. ಮೇಜಿನ ಮೇಲೆ ಬೋಗುಣಿಯಲ್ಲಿ ನಾದಿದ ಹಿಟ್ಟು ಒದ್ದೆ ಬಟ್ಟೆ ಹೊದ್ದು ಉಬ್ಬುತ್ತಿತ್ತು. ಅಣ್ಣ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

ಬೆಳಿಗ್ಗೆ ಎದ್ದು ನೋಡಿದರೆ ಓವನ್ ಕಾದು ಕೆಂಡವಾಗಿತ್ತಂತೆ, ಒಳಗೆ ಏನೂ ಇರಲಿಲ್ಲವಂತೆ, ಅದರ ಬಾಗಿಲಿಗೆ ನೇತುಹಾಕಿದ್ದ ಕೈಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತಂತೆ. ರಾತ್ರಿ ಅಮ್ಮ ಆರಿಸದೆ ಮಲಗಿದ್ದಾಳೆ ಎನ್ನುವುದು ಅಣ್ಣನ ವಾದ. ನಾನು ಮುಟ್ಟಿದರೆ ತಾನೆ ಆರಿಸೋದಕ್ಕೆ ಎನ್ನುವುದು ಅವಳದು. ಅಣ್ಣ ತೀರ್ಮಾನ ಮಾಡಿಬಿಟ್ಟಿದ್ದ: ಇನ್ನು ಅಮ್ಮ ಒಲೆಯ ಹತ್ತಿರ ಹೋಗಕೂಡದು.

"ನೀನೇ ನೋಡು ಸ್ಟಾರ್ಟರ್," ಎಂದಳು ದೊಡ್ಡಮ್ಮ. "ನನ್ನ ಕಣ್ಣು ಹೋಗಿದೆ, ತಲೆ ಹೋಗಿಲ್ಲ. ಅದನ್ನ ನಿಮ್ಮಣ್ಣಂಗೆ ಸ್ವಲ್ಪ ಹೇಳು."

ಫಲಕದ ಪುಟ್ಟ ಪರದೆಯ ಮೇಲೆ ಎಫ್ ಒಂದು ಎಂಬ ದೋಷದ ಗುರುತು ಮಿನುಗುತ್ತಿತ್ತು. ಸ್ಟಾರ್ಟರ್ ಮೊದಲು ಗೋಡೆಯ ಸ್ವಿಚ್ಚು ಇಳಿಸಿದ. ಕೂಗು ನಿಂತೊಡನೆ ಮನೆಯೇ ಉಸ್ಸೆಂದಿತು. ಐದು ನಿಮಿಷ ಬಿಟ್ಟು ಏರಿಸಿದ. ಒಲೆ ಕ್ಷಣ ಯೋಚಿಸಿ ಮತ್ತೆ ಕೂಗಿತು. ಕರೆಂಟು ಪೂರ್ತಿ ತೆಗೆದು ತಿರುಪುಗಳನ್ನು ಬಿಚ್ಚಿ ಫಲಕವನ್ನು ಮುಂದಕ್ಕೆ ಬಾಗಿಸಿದ. ಒಳಗೆ ಅಂಗೈ ಅಗಲದ ಹಸಿರು ಬೋರ್ಡು, ಹಾಳೆಯಿಂದ ಅದಕ್ಕೆ ಇಳಿದ ಚಪ್ಪಟೆ ರಿಬ್ಬನ್ ವೈರು. ರಿಬ್ಬನ್ ಕಿತ್ತು, ಒಳಗೆ ಕೈ ಹಾಕದೆ ಕರೆಂಟು ಕೊಟ್ಟು ನೋಡಿದ. ಪರದೆ ಬೆಳಗಿತು, ಕೂಗು ಬರಲಿಲ್ಲ. ಅಂದರೆ ಬೋರ್ಡು ಗಟ್ಟಿಯಾಗಿದೆ, ಕಾಯಿಲೆ ಇರುವುದು ಹಾಳೆಯಲ್ಲಿ. ಮತ್ತೆ ಕರೆಂಟು ತೆಗೆದು ರಿಬ್ಬನ್ನಿನ ಗೆರೆಗಳಿಗೆ ಮೀಟರ್ ಹಿಡಿದ. ಯಾರೂ ಒತ್ತದಿದ್ದರೂ ಎರಡು ಗೆರೆ ಒಂದನ್ನೊಂದು ತಬ್ಬಿಕೊಂಡಿದ್ದವು. ಶುರುಮಾಡುವ ಗೆರೆಗಳು ಅವು, ನಾಲ್ಕು ತೂತಿನ ಗುಂಡಿಯ ಕೆಳಗಿನವು.

ಅವನು ಉಗುರಿನಿಂದ ಆ ಗುಂಡಿಯನ್ನು ಮೆಲ್ಲಗೆ ಎಬ್ಬಿಸಿದ. ಅದರಡಿಯ ಹಾಳೆ ಸುಟ್ಟ ಗಾಯದ ಚರ್ಮದಂತೆ ಮುದುಡಿತ್ತು.

ಗೋಂದು. ಪಂಪಿನ ರಬ್ಬರ್ ಅಂಟಿಸುವ ಕಪ್ಪು ಗೋಂದು ಅವನ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಚಪ್ಪಲಿ, ಬಕೆಟ್ಟು, ರೇಡಿಯೋದ ಮುಚ್ಚಳ, ಮೇಷ್ಟರ ಕನ್ನಡಕದ ಕಾಲು, ಊರಿನಲ್ಲಿ ಅವನು ಅದರಿಂದ ಅಂಟಿಸದ ವಸ್ತುವಿರಲಿಲ್ಲ. ಅಂದು ಬೀಳದೆ ಇರಲಿ ಎಂದು ಪ್ರತಿ ಗುಂಡಿಗೂ ಎರಡೆರಡು ಸಲ ಬಳಿದಿದ್ದ. ಅದು ನಾಲ್ಕು ವರ್ಷ ಓವನ್ನಿನ ಬಿಸಿ ಕುಡಿಯುತ್ತ ಹಾಳೆಯನ್ನು ತಿನ್ನುತ್ತ ಬಂದಿತ್ತು. ರಾತ್ರಿ ಓವನ್ ತಾನಾಗಿ ಹತ್ತಿಕೊಂಡದ್ದು, ಅದನ್ನು ಹತ್ತಿಸಿದವನು ತಾನೇ ಎಂಬುದು, ಎರಡೂ ಸ್ಟಾರ್ಟರ್‌ಗೆ ಒಟ್ಟಿಗೇ ಹೊಳೆದವು.

ಹಾಳೆ ಹಳೆಯದಾಯಿತು ಎಂದುಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ. ಆದರೆ ದೊಡ್ಡಮ್ಮ ಕತ್ತು ಅವನತ್ತ ತಿರುಗಿಸಿಕೊಂಡು ಕೂತಿದ್ದಳು. ಅವನು ಅಣ್ಣನನ್ನು ಹತ್ತಿರ ಕರೆದು ಮುದುಡಿದ ಜಾಗ ತೋರಿಸಿದ.

"ದೊಡ್ಡಮ್ಮ ಆರಿಸೋದು ಮರೆತಿಲ್ಲಣ್ಣ. ಇದು ನನ್ನ ಗೋಂದಿನ ಕೆಲಸ."

ಅಣ್ಣ ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ತಾಯಿಯ ಕಡೆ ತಿರುಗಿ, ಸರಿ ಬಿಡಮ್ಮ, ನಿನ್ನದೇನೂ ತಪ್ಪಿಲ್ಲ ಎಂದ. ಅವಳು ಹಿಟ್ಟಿನ ಮೇಲಿನ ಬಟ್ಟೆ ಸರಿಸಿ ಬೆರಳಿನಿಂದ ಒತ್ತಿ ನೋಡಿ, ಇನ್ನರ್ಧ ಗಂಟೆ ತಡೆಯುತ್ತೆ ಎಂದಳು. ಆ ಮಾತು ಸ್ಟಾರ್ಟರ್‌ಗೇ ಎಂದು ಎಲ್ಲರಿಗೂ ಗೊತ್ತಾಯಿತು.

ಅವನು ಪೇಟೆಯ ಬಿಡಿಭಾಗದ ಅಂಗಡಿಗೆ ಫೋನು ಮಾಡಿದ. ಆ ಹಾಳೆ ಈಗ ತಯಾರಾಗುವುದಿಲ್ಲವಂತೆ. ಹಳೆಯದೇನಾದರೂ ಉಳಿದಿದೆಯೇ ಎಂದು ಕೇಳಿದ. ಹೀಗೆ ಕೇಳಿದವರಲ್ಲಿ ನೀವೇ ಮೊದಲಿನವರಲ್ಲ, ಒಂದೂ ಉಳಿದಿಲ್ಲ ಎಂದ ಅಂಗಡಿಯವನು. ಬದಲಿಗೆ ಇಡೀ ಫಲಕವೇ ಸಿಗುತ್ತದೆ, ಪೂರ್ತಿ ಗಾಜಿನದು, ಒತ್ತುವ ಗೋಜೇ ಇಲ್ಲ, ಬೆರಳು ಸೋಕಿದರೆ ಸಾಕು. ಅದರ ಮೇಲೆ ಗುರುತಿಗೆ ಏನಾದರೂ ಅಂಟಿಸಬಹುದೇ ಎಂದು ಸ್ಟಾರ್ಟರ್ ದನಿ ತಗ್ಗಿಸಿ ಕೇಳಿದ. ಅಂಗಡಿಯವನು ನಕ್ಕ. ಹುಡುಕಲು ಕೈಯಾಡಿಸಿದರೆ ಸಾಕು, ಎಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತದೆ ಎಂದ.

ಉಳಿದದ್ದು ಕೈಚಳಕ. ಮಿಕ್ಕ ಆರು ಗುಂಡಿಗಳನ್ನೂ ಒಂದೊಂದಾಗಿ ಎಬ್ಬಿಸಿ, ಹಾಳೆಯ ಪದರಗಳನ್ನು ಬ್ಲೇಡಿನಿಂದ ಬಿಡಿಸಿ, ಗೋಂದು ಕೆರೆದು, ಬೀಜದ ಪೊಟ್ಟಣದ ತೆಳು ಪ್ಲಾಸ್ಟಿಕ್ಕಿಗೆ ಸಣ್ಣ ತೂತು ಕೊರೆದು ಪದರಗಳು ಒಂದಕ್ಕೊಂದು ತಾಗದಂತೆ ನಡುವೆ ತೂರಿಸಿದ. ಅತ್ತಿಗೆ ದೀಪ ಹಿಡಿದಳು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಎಲ್ಲ ಸೇರಿಸಿ ಕರೆಂಟು ಕೊಟ್ಟಾಗ ಒಲೆ ಸುಮ್ಮನಿತ್ತು.

ದೊಡ್ಡಮ್ಮ ಕರೆಯುವ ಮೊದಲೇ ಎದ್ದು ಬಂದಿದ್ದಳು. ಗುಂಡಿಯಿಲ್ಲದ ಫಲಕದ ಮೇಲೆ ಅವಳ ಬೆರಳು ಕೆರೆದುಳಿದ ಗೋಂದಿನ ತರಿ ಹಿಡಿದು ನಡೆಯಿತು. ಒತ್ತಿದಳು. ಕೀಂ. ಏರಿಸಿದಳು, ತುಟಿಯಲ್ಲೇ ಎಣಿಸಿದಳು. ಓವನ್ ಒಳಗೆ ಟಕ್ಕೆಂದು ಕಾಯತೊಡಗಿತು. ಅವಳು ಹಿಟ್ಟನ್ನು ಅಚ್ಚಿನ ತಟ್ಟೆಗೆ ಮಗುಚುತ್ತ, ನಿಮ್ಮಣ್ಣಂಗೆ ಮೊದಲ ತುಂಡು ಕೊಡಲ್ಲ ಎಂದಳು. ಅತ್ತಿಗೆ ನಕ್ಕಳು. ಅಣ್ಣನೂ ನಕ್ಕ.

ತಟ್ಟೆ ಒಳಗೆ ಹೋಗುವಷ್ಟರಲ್ಲಿ ಕೂಗು ಮತ್ತೆ ಶುರುವಾಯಿತು. ಬಿಸಿ ತಾಕಿ ಪದರಗಳು ಮತ್ತೆ ಅಂಟಿಕೊಂಡಿದ್ದವು.

ಸ್ಟಾರ್ಟರ್ ಇನ್ನೆರಡು ಸಲ ಬಿಚ್ಚಿದ. ಮೂರನೆಯ ಸಲ ಹಾಳೆ ಅವನ ಕೈಯಲ್ಲೇ ಸೀಳಿತು. ಅಣ್ಣ ಬೈಯಲಿಲ್ಲ, ಅದೇ ಕಷ್ಟವಾಯಿತು. ಗಾಜಿನದೇ ತರಿಸೋಣ ಎಂದ. ಅತ್ತಿಗೆ, ನೀವು ಹೇಳ್ತಾ ಹೋಗಿ ಅತ್ತೆ, ನಾನು ಒತ್ತುತ್ತೀನಿ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ದೊಡ್ಡಮ್ಮ ಆಗಲಿ ಎಂಬಂತೆ ತಲೆಯಾಡಿಸಿದಳು. ಸದ್ಯ ಮೇಲಿನ ಬಿಲ್ಲೆಗಳು ಕಾಯುತ್ತವೆ, ಮಧ್ಯಾಹ್ನದ ಊಟಕ್ಕೆ ತೊಂದರೆಯಿಲ್ಲ ಎಂದು ಅಣ್ಣ ಅತ್ತಿಗೆ ಮಾತಾಡಿಕೊಂಡು ಹೊರಗೆ ಹೋದರು.

ಸ್ಟಾರ್ಟರ್ ಸಾಮಾನು ತುಂಬುತ್ತಿದ್ದಾಗ ಅವಳು ಒಲೆಯ ಮುಂದೆ ಬಂದು ನಿಂತಳು. ಹರಿದ ಹಾಳೆಯ ಮೇಲೆ ಬೆರಳು ಇಟ್ಟು ಒತ್ತಿದಳು. ಏರಿಸುವ ಜಾಗದಲ್ಲಿ ಆರು ಸಲ ಒತ್ತಿದಳು. ಆಮೇಲೆ ಅಂಗೈಯನ್ನು ಓವನ್ನಿನ ಬಾಗಿಲಿಗೆ ಹಿಡಿದು ಕಾದಳು.

"ರಿಬ್ಬನ್ ಕಿತ್ತಿದೀನಿ ದೊಡ್ಡಮ್ಮ," ಎಂದ ಅವನು.

"ಗೊತ್ತು ಕಣೋ. ಕೈಗೆ ಇನ್ನೂ ಗೊತ್ತಿಲ್ಲ."

ಅವನು ಏಳೂ ಗುಂಡಿಗಳನ್ನು ಗೋಂದು ಕೆರೆದು ಒಂದೊಂದಾಗಿ ಅವಳ ಅಂಗೈಗೆ ಹಾಕಿದ. ಅವಳು ಅವನ್ನು ತಡವಿ ಎಣಿಸಿ ಡಬ್ಬಿಗೆ ಹಾಕಿದಳು. ಕುರ್ಚಿಯ ಬೆನ್ನನ್ನು ಹುಡುಕಿ, ಹಿಡಿದು, ಕೂತಳು. ಹೋಗುವಾಗ ಹಿಟ್ಟನ್ನು ಕೋಳಿಗೆ ಹಾಕಿ ಹೋಗು, ಹುಳಿ ನಾತ ಬರುತ್ತೆ ಎಂದಳು.

ಹಿಟ್ಟು ತಟ್ಟೆಯ ಅಂಚು ಮೀರಿ ಉಬ್ಬಿತ್ತು. ಅವನು ತಟ್ಟೆ ಹಿಡಿದು ಹಿತ್ತಲಿಗೆ ಹೋದ. ಕೋಳಿಗಳು ಓಡಿಬಂದವು. ಅವನು ಅದನ್ನು ಹಾಕಲೂ ಆಗದೆ, ವಾಪಸ್ ಒಯ್ಯಲೂ ಆಗದೆ ಬಹಳ ಹೊತ್ತು ಹಾಗೇ ನಿಂತಿದ್ದ.