ಹಸಿ ಗೋಣಿಯ ಗಾಡಿ

ವಿದ್ಯಾವತಿ ಒಂದು ಕಾಲನ್ನು ಟೆಂಪೋದೊಳಗೆ ಇಟ್ಟೇಬಿಟ್ಟಿದ್ದಳು. ಮಗ ಅರುಣಕುಮಾರ ಹಿಂದಿನಿಂದ ರಟ್ಟೆ ಹಿಡಿದು ನಿಲ್ಲಿಸಿದ.

“ಯವ್ವಾ, ಮುಂಜಾನೆ ಮೂಗಿಂದ ಎಷ್ಟು ರಗತ ಹೋಗ್ಯಾದ ನೋಡೀದಿಲ್ಲೋ? ಈ ಒಣಗಾಳಿಯೊಳಗ ಕಮಲಾಪುರದತನಾ ಹೆಂಗ ಕೂಡ್ತಿ? ಕಾರಿನ್ಯಾಗ ಗಾಜು ಏರಿಸ್ಕೊಂಡು ಬಾ.”

“ಕಾರಿನ್ಯಾಗ ನೀವೆಲ್ಲಾ ಬರ್ರಿ. ನಾ ಅವರ ಜೋಡಿ ಹೋಗ್ತೀನಿ.”

ಒಳಗೆ ಅವಳ ಗಂಡ ಖಂಡೆಪ್ಪ ರುಮಾಲು ಸುತ್ತಿಕೊಂಡು, ಹಣೆತುಂಬ ವಿಭೂತಿ ಧರಿಸಿ, ಚೆಂಡುಹೂವಿನ ನಡುವೆ ಕುಳಿತಿದ್ದ. ಹಿಂದಿನ ಸಂಜೆ ಚಹಾ ಕುಡಿದು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಎಪ್ಪತ್ತು ದಾಟಿದ್ದರೂ ಒಂದು ದಿನ ಹಾಸಿಗೆ ಹಿಡಿದವನಲ್ಲ. ಅವನನ್ನು ಕೂಡಿಸಲು ಜಾಗ ಬೇಕೆಂದು ನೆಂಟರು ಕೋಣೆಯ ಸುತ್ತ ಕಟ್ಟಿದ್ದ ಒದ್ದೆ ಗೋಣಿಗಳನ್ನೆಲ್ಲ ಬಿಚ್ಚಿ ಅಂಗಳಕ್ಕೆ ಎಸೆದಿದ್ದರು. ಬೆಳಗಾಗುವಷ್ಟರಲ್ಲಿ ಮನೆಯ ಗಾಳಿ ಒಣಗಿ, ಗಂಡನ ಮೊಳಕಾಲ ಮೇಲೆ ತಲೆಯಿಟ್ಟು ಅಳುತ್ತಿದ್ದ ವಿದ್ಯಾವತಿಯ ಮೂಗು ಒಡೆದಿತ್ತು. ಪಕ್ಕದ ಮನೆಯ ಡಾಕ್ಟರು ಹತ್ತಿ ತುರುಕಿ, ಗಾಳಿಗೆ ಹೋಗಕೂಡದೆಂದು ಖಡಾಖಂಡಿತವಾಗಿ ಹೇಳಿದ್ದರು. ಹಿಂದೊಮ್ಮೆ ಚಳಿಗಾಲದ ಮದುವೆಗೆ ಹೋಗಿ, ರಕ್ತ ನಿಲ್ಲದೆ ಆಸ್ಪತ್ರೆ ಸೇರಿದ್ದವಳು ಅವಳು.

*

ಆಕೆ ಮದುವೆಯಾಗಿ ಬಂದ ಮೊದಲ ಚಳಿಗಾಲವೇ ಹಾಗಾಗಿತ್ತು. ಗಾಜಿಪುರದ ಆ ಕಲ್ಲುಮನೆಯಲ್ಲಿ ಡಿಸೆಂಬರ್ ಬಂತೆಂದರೆ ತುಟಿ, ಹಿಮ್ಮಡಿ, ಬಾಗಿಲ ಚೌಕಟ್ಟು ಎಲ್ಲವೂ ಬಿರುಕು ಬಿಡುತ್ತಿದ್ದವು. ವಿದ್ಯಾವತಿಯ ಮೂಗಿಗೆ ಮುಲಾಮು ಹಚ್ಚಿಯಾಯಿತು, ಉಳ್ಳಾಗಡ್ಡಿ ಮೂಸಿಸಿಯಾಯಿತು. ಖಂಡೆಪ್ಪನಿಗೆ ಗೊತ್ತಿದ್ದದ್ದು ಬಾಳೆಕಾಯಿ ಮಾಗಿಸುವುದೊಂದೇ. ಕಮಲಾಪುರದ ಕೆಂಪು ಬಾಳೆಗೊನೆ ತಂದು ಮಾರ್ಕೆಟ್ಟಿನ ಕೋಣೆಯಲ್ಲಿ ತೂಗುಹಾಕಿ, ಸಿಪ್ಪೆ ಬಿರಿಯದಂತೆ ಸುತ್ತ ಒದ್ದೆ ಗೋಣಿ ಕಟ್ಟುತ್ತಿದ್ದ. ಒಂದು ಸಂಜೆ ಅದೇ ಗೋಣಿಗಳನ್ನು ಮನೆಗೆ ಹೊತ್ತು ತಂದು ಹೆಂಡತಿಯ ಮಂಚದ ಸುತ್ತ ಕಟ್ಟಿಬಿಟ್ಟ.

“ನಾನೇನು ಬಾಳಿಗೊನಿ ಏನ್ರೀ?”

“ಗೊನಿ ಆಗಿದ್ರ ನಾಕು ದಿನಕ್ಕ ಮಾರಿ ಆರಾಮ ಇರ್ತಿದ್ದೆ.”

ರಕ್ತ ನಿಂತಿತು. ಕಡ್ಡಿಪೆಟ್ಟಿಗೆ ಹೊತ್ತಿಕೊಳ್ಳದಾಯಿತು, ಹಪ್ಪಳ ಮೆತ್ತಗಾದವು, ಬಂದ ನೆಂಟರು ಮೂಗು ಮುಚ್ಚಿಕೊಂಡರು. ಖಂಡೆಪ್ಪ ಜಪ್ಪಯ್ಯ ಎನ್ನಲಿಲ್ಲ. ಮುಂದೆ ಅರುಣಕುಮಾರ ನೌಕರಿ ಹಿಡಿದು, ತಣ್ಣನೆಯ ಹಬೆ ಬಿಡುವ ಮಷಿನ್ ತಂದಾಗಲೂ, “ಕರೆಂಟ್ ಹೋದ್ರ ನಿಮ್ಮವ್ವನ ಮೂಗು ಕಾಯ್ತದೇನು?” ಎಂದು ಅದನ್ನು ಡಬ್ಬಿಯಿಂದ ತೆಗೆಯಲೇ ಬಿಡಲಿಲ್ಲ. ಹಸಿ ಗೋಣಿಯ ಥಂಡಿಗೆ ಅವನ ಮೊಳಕಾಲು ಹಿಡಿದುಕೊಳ್ಳುತ್ತಿದ್ದವು. ಹೆಂಡತಿಗೆ ಹಸಿ ಕೋಣೆ ಬಿಟ್ಟುಕೊಟ್ಟು ತಾನು ಹೊರಗೆ ಪಡಸಾಲೆಯಲ್ಲಿ ಮಲಗುತ್ತಿದ್ದ.

ವಿದ್ಯಾವತಿಗೆ ಸಿಟ್ಟಿದ್ದದ್ದು ಒಂದೇ ವಿಷಯಕ್ಕೆ. ಗೊನೆ ತರಲು ಅವನು ಕಮಲಾಪುರಕ್ಕೆ ಹೊರಟಾಗೆಲ್ಲ ಅವಳು ತಾನೂ ಬರುತ್ತೇನೆ ಎನ್ನುತ್ತಿದ್ದಳು. “ಚಳಿಗಾಲ ಮುಗೀಲಿ” ಎನ್ನುತ್ತಿದ್ದ. ಚಳಿಗಾಲ ಮುಗಿದರೆ, “ಬಿಸಲು ಇಳೀಲಿ.” ಹೀಗಾಗಿ ಗಂಡನ ಟೆಂಪೋದಲ್ಲಿ ಗಂಡನ ಪಕ್ಕ ಕುಳಿತು ಅವಳು ಎಲ್ಲಿಗೂ ಹೋದದ್ದಿಲ್ಲ.

*

“ಇದೊಂದು ಸಲ ಅವರ ಬಾಜೂಕ ಕೂತು ಹೋಗ್ತೀನಿ, ಅರುಣಾ,” ಎಂದಳು. “ಇನ್ನೊಂದು ಸಲ ಅವರು ಎಲ್ಲಿಗೂ ಹೋಗಂಗಿಲ್ಲ.”

ಮಗ ಹಿಡಿದ ರಟ್ಟೆ ಬಿಡಲಿಲ್ಲ. ಅಷ್ಟರಲ್ಲಿ ಅಂಗಳದ ನಳದ ಕೆಳಗೆ ನೀರು ಸುರಿಯುವ ಸದ್ದಾಯಿತು. ಖಂಡೆಪ್ಪನ ಜೊತೆ ಹಣ್ಣಿನ ವ್ಯಾಪಾರದಲ್ಲಿ ಪಾಲುದಾರನಾಗಿದ್ದ ಹಮೀದ್, ಬಿದ್ದಿದ್ದ ಗೋಣಿಗಳನ್ನು ತೋಯಿಸಿ ತಂದು ಟೆಂಪೋದ ಸರಳುಗಳಿಗೆ ಕಟ್ಟತೊಡಗಿದ.

“ಚಾಚಾ, ಏನ್ ಮಾಡಾಕತ್ತೀರಿ? ಇದೇನು ಹಣ್ಣಿನ ಲೋಡೇನ್ರೀ?”

“ಇದಕ್ಕಿಂತ ನಾಜೂಕ್ ಮಾಲು ನಿಮ್ಮಪ್ಪ ಜಿಂದಗಿಯೊಳಗ ಸಾಗಿಸಿಲ್ಲ, ಬೇಟಾ. ಆ ಕಡಿ ಹಗ್ಗಾ ಹಿಡಿ.”

ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ಕಿಸಕ್ಕನೆ ನಕ್ಕು, ನಾಚಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅರುಣಕುಮಾರ ಕಣ್ಣೊರೆಸಿಕೊಂಡು ಹಗ್ಗ ಹಿಡಿದ.

ಊರು ದಾಟಿ ಬಯಲಿಗೆ ಬಂದ ಮೇಲೆ ಗಾಳಿ ಜೋರಾಯಿತು. ಗೋಣಿಗಳು ಪಟಪಟ ಬಡಿದುಕೊಂಡವು. ಎದುರು ಬಂದವರು ಹೂವು ನೋಡಿ ಕೈಮುಗಿದು, ಗೋಣಿ ನೋಡಿ ಹುಬ್ಬೇರಿಸುತ್ತಿದ್ದರು. ಒಳಗೆ ಮಾತ್ರ ತಂಪಾದ ಹಸಿ ಕತ್ತಲೆಯಿತ್ತು. ವಿದ್ಯಾವತಿ ನಿಧಾನವಾಗಿ ಉಸಿರೆಳೆದುಕೊಂಡಳು. ಮೂಗು ಉರಿಯಲಿಲ್ಲ. ಅವಳಿಗೆ ದುಃಖದ ನಡುವೆಯೂ ಸಂತೋಷವಾಯಿತು, ಸಂತೋಷವಾಯಿತೆಂದು ಇನ್ನಷ್ಟು ಅಳು ಬಂತು.

“ಜನವರಿ ಅದ ನೋಡ್ರಿ,” ಎಂದಳು ಗಂಡನಿಗೆ. “ಕರ್ಕೊಂಡು ಹೊಂಟೀರಿ.”

ಕಮಲಾಪುರದ ಹಿರಿಯರ ಹೊಲದಲ್ಲಿ ಗುಣಿ ಸಿದ್ಧವಾಗಿತ್ತು. ಖಂಡೆಪ್ಪನನ್ನು ಇಳಿಸಿ ಅದರ ಅಂಚಿನಲ್ಲಿ ಕೂಡಿಸಿದರು. ಅಗೆದು ಹಾಕಿದ ಮಣ್ಣು ಗಾಳಿಗೆ ಎದ್ದು ಅವನ ಮುಖಕ್ಕೆ ಬಡಿಯಿತು. ಒರೆಸಲೆಂದು ಬಾಗಿದ ವಿದ್ಯಾವತಿ ಬೆಳಕಿನಲ್ಲಿ ಅವನ ತುಟಿ ನೋಡಿದಳು. ಎರಡೂ ಒಡೆದಿದ್ದವು, ಸಣ್ಣ ಸಣ್ಣ ಸೀಳು, ಸೀಳಿನೊಳಗೆ ಮಣ್ಣು.

“ನೀರ್ ಕೊಡ್ರಿ,” ಎಂದಳು.

“ಪಾದೋದಕ ಹಾಕ್ಯಾಗೇದ, ತಾಯಿ,” ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು. “ಹೊತ್ತಾಗ್ಲಿಕತ್ತದ.”

“ಅದು ಬ್ಯಾರೆ ರೀ. ಇದು ಬ್ಯಾರೆ.”

ಅರುಣಕುಮಾರ ವಿಭೂತಿ ಕಲಸಲು ಇಟ್ಟಿದ್ದ ನೀರಿನ ಚರಿಗೆಯನ್ನು ಎತ್ತಿಕೊಂಡು, ಮಣ್ಣಿನಲ್ಲಿ ಮಂಡಿಯೂರಿ ಅವ್ವನ ಮುಂದೆ ಹಿಡಿದ. ಅವಳು ಸೆರಗಿನ ತುದಿ ಅದ್ದಿ ಗಂಡನ ಕೆಳತುಟಿಗೆ ಒತ್ತಿದಳು, ಆಮೇಲೆ ಮೇಲ್ತುಟಿಗೆ. ಹಚ್ಚಿದ ನೀರು ಗಾಳಿಗೆ ಕೂಡಲೇ ಆರಿತು. ಅವಳು ಮತ್ತೆ ಅದ್ದಿದಳು.