ಎರಡು ಹೊಲಿಗೆ

ಹಾಸಿದ ಮೂರನೆಯ ಬಟ್ಟೆಯೂ ಬಲಪಕ್ಕೆಯ ಹತ್ತಿರ ಹಳದಿಯಾಯಿತು. ಹೆಣ ತೊಳೆಯುವ ಬೆಕಿರ್ ಮಾಮ ಹತ್ತಿಯುಂಡೆ ಕೆಳಗಿಟ್ಟು ಬಾಗಿಲು ಅರ್ಧ ತೆರೆದರು.

"ನುರ್ಗುಲ್, ನೀನೇ ಬಾ ಮಗಳೇ. ಗಂಡನ್ನ ಹೆಂಡತಿ ತೊಳೀಬಹುದು, ಅಡ್ಡಿಯಿಲ್ಲ. ಇದು ನನ್ನ ಕೈಲಿ ನಿಲ್ತಿಲ್ಲ."

ಹೊರಗೆ ಬೆಂಚಿನ ಮೇಲಿದ್ದ ಅತ್ತೆ ಷೆರಿಫೆ ಸೊಸೆಯ ಮುಖ ನೋಡದೆ ಅಂದಳು: "ಹೋಗಮ್ಮ. ನಿಂದೇ ತಾನೇ ಸೋರ್ತಿರೋದು."

ನುರ್ಗುಲ್ ಅಂಗಿಯ ತೋಳು ಮೇಲೆ ಸರಿಸಿ ಒಳಗೆ ಹೋದಳು.

ಕಲ್ಲಿನ ಮೇಲೆ ತುಂಜಾಯ್ ಮಲಗಿದ್ದ. ಮೂವತ್ತಾರು ವರ್ಷ. ಮಾಲತ್ಯಾ ಊರಿನಲ್ಲಿ ಮಿನಿಬಸ್ಸು ಓಡಿಸಿಕೊಂಡಿದ್ದವನು. ಅವನ ಹೊಟ್ಟೆಯಲ್ಲಿದ್ದ ಲಿವರ್ ಅವಳದು, ಹತ್ತು ತಿಂಗಳ ಹಿಂದೆ ಒಂದು ಭಾಗ ಕೊಯ್ದು ಕೊಟ್ಟದ್ದು. ಪಕ್ಕೆಯಿಂದ ಪಿತ್ತ ಹೊರಬಿಡಲು ಹಾಕಿದ್ದ ನಳಿಕೆಯನ್ನು ಆಸ್ಪತ್ರೆಯವರು ಬೆಳಗ್ಗೆ ಎಳೆದು ತೆಗೆದಿದ್ದರು. ತೂತು ಉಳಿದಿತ್ತು. ದಿನಕ್ಕೆರಡು ಸಲ ಅದನ್ನು ತೊಳೆದು ಕಟ್ಟಿದ ಕೈಗಳಿಗೆ ಈಗಲೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಮಾಜಿಗೆ ಇನ್ನು ಅರ್ಧ ಗಂಟೆ," ಅಂದರು ಬೆಕಿರ್ ಮಾಮ. "ಇರಲಿ. ಬದುಕಿದ್ದಾಗಲೂ ಹೊತ್ತಿಗೆ ಸರಿಯಾಗಿ ಬಂದೋನಲ್ಲ. ಕೊನೇ ಸೀಟು ತುಂಬೋವರೆಗೂ ಗಾಡಿ ಬಿಡ್ತಿರ್ಲಿಲ್ಲ."

ನೀರು ಹಾಕುತ್ತಿದ್ದ ಮೈದುನ ಎರ್ದಾಲ್ ನಗಲಿಲ್ಲ. ನೂರು ಕಿಲೋದ ಆಳು. ಚೆಂಬು ತುಂಬಿ ಮತ್ತೆ ಸುರಿದ.

*

ಆಪರೇಷನ್ನಿಗೆ ಮುಂಚೆ ಒಂದು ದಿನ ಡಾಕ್ಟರು ಕಾಗದದ ಮೇಲೆ ಎರಡು ಗೆರೆ ಎಳೆದಿದ್ದರು.

"ನಿಮ್ಮ ಪಿತ್ತನಾಳ ನಾವು ಕೊಯ್ಯೋ ಜಾಗದಲ್ಲಿ ಎರಡಾಗಿದೆ, ತಂಗಿ. ಎರಡನ್ನೂ ಬೇರೆಬೇರೆ ಹೊಲೀಬೇಕು. ಗೋಧಿಕಡ್ಡಿಗಿಂತ ಸಣ್ಣ. ಹೊಲಿಗೆ ಹೆಚ್ಚಿದಷ್ಟೂ ಸೋರೋ ಭಯ. ಸೋರದಿದ್ರೆ ಆಮೇಲೆ ಬಿಗಿದುಕೊಳ್ಳೋ ಭಯ. ನಿಮ್ಮ ಗಂಡನ ತಮ್ಮನದು ಒಂದೇ, ಅಗಲವಾಗಿದೆ. ಆದರೆ ಅವನ ಲಿವರಿನಲ್ಲಿ ಕೊಬ್ಬು. ಆರು ವಾರದಲ್ಲಿ ಎಂಟು ಕಿಲೋ ಇಳಿಸಲಿ."

"ಅಲ್ಲಿವರೆಗೆ ಇವರು ತಡೀತಾರಾ?"

"ತಡೀಬಹುದು. ಕಾಯೋದೇ ಒಳ್ಳೇದು."

ಮನೆಯಲ್ಲಿ ಎರ್ದಾಲನಿಗೆ ಬೇಯಿಸಿದ ಸೊಪ್ಪು, ಉಪ್ಪಿಲ್ಲದ ಮೊಸರು. ಐದನೆಯ ವಾರ ತೂಕದ ಮುಳ್ಳು ಇದ್ದಲ್ಲೇ ಇತ್ತು. ತುಂಜಾಯನ ಕಣ್ಣು ಅರಿಸಿನವಾಗಿತ್ತು. ಔಷಧಿ ತರಲು ಹೋದ ನುರ್ಗುಲ್, ಬಸ್‌ನಿಲ್ದಾಣದ ಹಿಂದಿನ ಮಿಠಾಯಿ ಅಂಗಡಿಯ ಗಾಜಿನಲ್ಲಿ ಮೈದುನನನ್ನು ಕಂಡಳು. ಸಕ್ಕರೆಪಾಕ ತೊಟ್ಟಿಕ್ಕುವ ಶಾವಿಗೆಯ ಸಿಹಿ ಕದಾಯಿಫನ್ನು ಅವನು ರುಚಿಗೆ ತಿನ್ನುತ್ತಿರಲಿಲ್ಲ. ಔಷಧಿ ನುಂಗುವವನ ಹಾಗೆ, ಒಂದಾದ ಮೇಲೊಂದು, ಕಣ್ಣುಮುಚ್ಚಿ ನುಂಗುತ್ತಿದ್ದ.

ಅವಳು ಒಳಗೆ ಹೋಗಲಿಲ್ಲ. ನೇರ ಆಸ್ಪತ್ರೆಗೆ ಹೋಗಿ ತಾನೇ ಕೊಡುವೆನೆಂದು ಸಹಿ ಹಾಕಿದಳು. ಮನೆಯಲ್ಲಿ, "ನಂದೇ ಹೊಂದುತ್ತೆ ಅಂದ್ರು," ಎಂದಳು.

ಮೊದಲು ಒಂದು ಹೊಲಿಗೆ ಸೋರಿತು. ಆಮೇಲೆ ಇನ್ನೊಂದು ಬಿಗಿದುಕೊಂಡಿತು. ಬಿಗಿದಾಗಲೆಲ್ಲ ಚಳಿಜ್ವರ. ಹನ್ನೊಂದನೆಯ ಜ್ವರ ಇಳಿಯಲಿಲ್ಲ.

*

ಬೆಕಿರ್ ಮಾಮ ಕರ್ಪೂರ ತರಲು ಆಚೆ ಹೋದರು. ನುರ್ಗುಲ್ ಹತ್ತಿ ಸುರುಳಿ ಮಾಡಿ ತೂತಿನೊಳಗೆ ತುಂಬಿದಳು.

"ಅತ್ತಿಗೆ," ಎಂದ ಎರ್ದಾಲ್. "ಆಗ ನಾನು ಪಥ್ಯ ಮಾಡ್ಲಿಲ್ಲ."

ಅವಳು ಇನ್ನೊಂದು ಸುರುಳಿ ತೆಗೆದುಕೊಂಡಳು.

"ಬೇಕಂತ್ಲೇ ತಿಂದೆ. ಆಪರೇಷನ್ ಮೇಜಿನ ಮೇಲೆ ಮಲಗೋಕೆ ಹೆದರಿಕೆ ಆಯ್ತು. ನಂದಾಗಿದ್ರೆ ಒಂದೇ ಹೊಲಿಗೆ ಸಾಕಿತ್ತು. ಬೈಯಿರಿ, ಬೇಕಾದ್ರೆ ಹೊಡೀರಿ. ಕ್ಷಮಿಸಿದೆ ಅಂತ ಮಾತ್ರ ಒಂದು ಮಾತು ಹೇಳಿ."

ಹೇಳಿಬಿಡಬೇಕೆಂದು ಅವಳಿಗೂ ಅನ್ನಿಸಿತು. ಪಟ್ಟಿಯ ಸುರುಳಿ ಬಿಚ್ಚಿದಳು.

"ಇಲ್ಲಿ ಒತ್ತಿ ಹಿಡಿ," ಎಂದಳು. "ಇನ್ನೂ ಗಟ್ಟಿಯಾಗಿ."

ಅವನು ಎರಡೂ ಅಂಗೈಯಿಂದ ಒತ್ತಿ ಹಿಡಿದ. ಅವಳು ಪಟ್ಟಿ ಸುತ್ತಿದಳು. ನಾಲ್ಕನೆಯ ಬಟ್ಟೆ ಬಿಳಿಯಾಗಿಯೇ ಉಳಿಯಿತು.

*

ಮಸೀದಿಯ ಅಂಗಳದಲ್ಲಿ ಗಂಡಸರು ಸಾಲಾಗಿ ನಿಂತರು. ಹೆಂಗಸರು ಗೋಡೆಯ ಬದಿಗೆ. ನಮಾಜು ಮುಗಿದ ಮೇಲೆ ಇಮಾಮರು ಕೇಳಿದರು: "ಈ ಮನುಷ್ಯನ ಮೇಲೆ ನಿಮಗಿರೋ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿರಾ?"

"ಬಿಟ್ಟುಕೊಟ್ವಿ," ಎಂದರು ಗಂಡಸರು. ಮೂರು ಸಲ ಕೇಳಿದರು, ಮೂರು ಸಲ ಹೇಳಿದರು. ಎರ್ದಾಲನ ತುಟಿ ಒಮ್ಮೆಯೂ ಅಲುಗಲಿಲ್ಲ. ಸತ್ತವನ ಪರವಾಗಿ ಬದುಕಿದವರನ್ನು ಕ್ಷಮಿಸುವ ಪದ್ಧತಿ ಅಲ್ಲಿರಲಿಲ್ಲ. ಹೆಂಗಸರನ್ನು ಯಾರೂ ಕೇಳಲಿಲ್ಲ.

ಪೆಟ್ಟಿಗೆ ಎತ್ತಿದರು. ಹತ್ತು ಹೆಜ್ಜೆಗೊಮ್ಮೆ ಹೆಗಲು ಬದಲಾಗಬೇಕು, ಪುಣ್ಯ ಎಲ್ಲರಿಗೂ ಸಲ್ಲಬೇಕು. ಮೂರು ಮೂಲೆಯಲ್ಲಿ ಹೆಗಲು ಬದಲಾದವು. ಮುಂದಿನ ಬಲಮೂಲೆಗೆ ಎರ್ದಾಲ್ ಹೆಗಲು ಕೊಟ್ಟವನು ಬಿಡಲಿಲ್ಲ. ಒಬ್ಬರು ಬೆನ್ನು ತಟ್ಟಿದರು. ಇನ್ನೊಬ್ಬರು, "ನಮಗೂ ಕೊಡೋ ಮಾರಾಯ," ಎಂದರು.

"ನೋಡು," ಎಂದಳು ಷೆರಿಫೆ, ಸೊಸೆಯ ಮೊಣಕೈ ಹಿಡಿದು. "ಅಣ್ಣ ಅಂದ್ರೆ ಜೀವ. ಇನ್ನೊಂದು ವಾರ ನೀನು ಕಾದಿದ್ರೆ ಅವನೇ ಕೊಟ್ಟಿರ್ತಿದ್ದ."

ನುರ್ಗುಲ್ ಮೊಣಕೈ ಬಿಡಿಸಿಕೊಳ್ಳಲಿಲ್ಲ.

ಏರಿನಲ್ಲಿ ಎರ್ದಾಲ್ ಮೂಲೆಯನ್ನು ಎರಡೂ ಕೈಯಿಂದ ಹಿಡಿದ. ಬೆಕಿರ್ ಮಾಮ ಅವನ ಬೆರಳು ಒಂದೊಂದಾಗಿ ಬಿಡಿಸಲು ನೋಡುತ್ತಿದ್ದರು. ಒಂದು ಬಿಡಿಸಿದರೆ ಇನ್ನೊಂದು ಹೋಗಿ ಹಿಡಿಯುತ್ತಿತ್ತು. ಪೆಟ್ಟಿಗೆ ಅವನ ಕಡೆಗೆ ವಾಲಿಕೊಂಡೇ ತಿರುವು ದಾಟಿತು.